ಹಳೆ 1613 ಲಾರಿ: ಇಂಜಿನ್ ಬಿಚ್ಚಿಸೋದಾ, ಬೇರೆ ಕೂರಿಸೋದಾ?

ಪ್ರಶ್ನೆ: ನನ್ನದು 2005ರ ಟಾಟಾ 1613, 697 ಟರ್ಬೊ ಇಂಜಿನ್. ಮೂಡಿಗೆರೆ ಕಡೆಯ ಎಸ್ಟೇಟುಗಳಿಂದ ಚಿಕ್ಕಮಗಳೂರು, ಹಾಸನದ ಕ್ಯೂರಿಂಗ್‌ಗೆ (ಕಾಫಿ ಸಿಪ್ಪೆ ತೆಗೆಯುವ ಮಿಲ್ಲಿಗೆ) ಕಾಫಿ ಹೊಡೆಯುತ್ತೇನೆ. ಮಧ್ಯೆ ಶುಂಠಿ, ಗೊಬ್ಬರ. ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರಿಗೂ ಹೋಗುತ್ತೇನೆ. ಎಂಟು ತಿಂಗಳಿಂದ ನೀಲಿ ಹೊಗೆ. 300 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತೆ. ಬ್ಯಾಕ್ ಕಂಪ್ರೆಷನ್ ಇದೆ (ಉರಿದ ಗ್ಯಾಸ್ ಪಿಸ್ಟನ್ ರಿಂಗ್ ದಾಟಿ ಕೆಳಗೆ ಬರುತ್ತೆ). ಶಿರಾಡಿ ಹತ್ತುವಾಗ ಎರಡು ಸಲ ಹೀಟ್ ಮುಳ್ಳು ಕೆಂಪಿಗೆ ಹೋಯಿತು. ಒಬ್ಬ ಮೆಕ್ಯಾನಿಕ್ ಹಾಫ್ ಇಂಜಿನ್ (ರಿಂಗ್, ಬೇರಿಂಗ್, ಹೆಡ್ ಕೆಲಸ) ಸಾಕು, 70 ಸಾವಿರ ಅಂತಾರೆ. ಇನ್ನೊಬ್ಬರು ಫುಲ್ ಇಂಜಿನ್ (ಪೂರ್ತಿ ಬಿಚ್ಚಿ ರಿಪೇರಿ) ಮಾಡಿಸಿ, 1.9 ಲಕ್ಷ, 25 ದಿನ ಅಂತಾರೆ. ಬೆಂಗಳೂರಿನ ಗುಜರಿಯವರು ಓಡಿದ ಇಂಜಿನ್ 1.4 ಲಕ್ಷಕ್ಕೆ ಕೊಡ್ತೀವಿ, ವಾರದಲ್ಲಿ ಗಾಡಿ ರೋಡಿಗೆ ಅಂತಾರೆ. ಕಮ್ಮಿನ್ಸ್ ಕೂರಿಸು ಅನ್ನೋರೂ ಇದ್ದಾರೆ. ಸೀಸನ್‌ನಲ್ಲಿ ಖರ್ಚು ಕಳೆದು ದಿನಕ್ಕೆ 2,500 ಉಳಿಯುತ್ತೆ. ಗಾಡಿ ಇವತ್ತು ಮಾರಿದರೆ 4.5 ಲಕ್ಷ ಬರಬಹುದು. ಏನು ಮಾಡಲಿ?

ಉತ್ತರ: ಆಯಿಲ್ ಲೆಕ್ಕ ಮೊದಲು ಮುಗಿಸಿಬಿಡೋಣ. ಎಲ್ಲರೂ ಹೆದರುವುದು ಅದಕ್ಕೇ. ತಿಂಗಳಿಗೆ ಗಾಡಿ 3,000 ಕಿ.ಮೀ. ಓಡುತ್ತದೆ ಅಂತ ಹಿಡಿಯಿರಿ. 300ಕ್ಕೆ ಒಂದು ಲೀಟರ್ ಅಂದರೆ ತಿಂಗಳಿಗೆ ಹತ್ತು ಲೀಟರ್. ಲೀಟರಿಗೆ 350 ರೂಪಾಯಿ ಹಾಕಿದರೂ 3,500. ಬೇಜಾರಿನ ಖರ್ಚು ಹೌದು. ಆದರೆ ಕಾಫಿ ಸೀಸನ್ ಮಧ್ಯದಲ್ಲಿ ಗಾಡಿ ನಿಲ್ಲಿಸುವಷ್ಟು ದೊಡ್ಡದೇನಲ್ಲ. ನನಗೆ ಹೆದರಿಕೆ ಇರುವುದು ಕೆಂಪಿಗೆ ಹೋದ ಆ ಮುಳ್ಳಿನ ಬಗ್ಗೆ. ಆಯಿಲ್ ಕುಡಿಯುವ ಇಂಜಿನ್ ವರ್ಷಗಟ್ಟಲೆ ಎಳೆದುಕೊಂಡು ಹೋಗುತ್ತದೆ. ಕಾದ ಇಂಜಿನ್ ಒಂದೇ ಘಾಟಿಯಲ್ಲಿ ಹೆಡ್ ಬಿರಿದುಕೊಂಡು ನಿಲ್ಲುತ್ತದೆ. ಹಾಗೆ ನಿಂತ ಮೇಲೆ ಆರಿಸಿಕೊಳ್ಳುವ ಮಾತಿಲ್ಲ, ಗುಜರಿಯವನು ಹೇಳಿದ ರೇಟೇ ರೇಟು.

ಹಾಗಾಗಿ ನೀರಿನ ಕಡೆಯಿಂದ ಶುರು ಮಾಡಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಒಂದೇ ಸಮ ಗುಳ್ಳೆ ಏಳುತ್ತಿದ್ದರೆ, ರೈಸ್ ಮಾಡಿದಾಗ ನೀರು ಉಕ್ಕಿ ಹೊರಗೆ ಬಂದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಬಿರಿದಿದೆ ಅಂತ ಲೆಕ್ಕ. ಗುಳ್ಳೆ ಇಲ್ಲವಾ? ಒಳ್ಳೆಯದು. ಟಾರ್ಚ್ ಹಿಡಿದು ರೇಡಿಯೇಟರ್ ಜಾಲರಿ ನೋಡಿ. ನಮ್ಮ ಮಲೆನಾಡಿನ ಗಾಡಿಗಳಲ್ಲಿ ಕೆಸರು, ಕಾಫಿ ಸಿಪ್ಪೆಯ ಧೂಳು, ಸಿಲ್ವರ್ ಮರದ ಎಲೆಚೂರು, ಸತ್ತ ಹುಳ ಎಲ್ಲ ಸೇರಿ ಅಲ್ಲೊಂದು ಗೋಡೆ ಕಟ್ಟಿರುತ್ತದೆ. ಬೇಲೂರು ರಸ್ತೆಯಲ್ಲಿ ಓಡುವಾಗ ಅದು ಗೊತ್ತೇ ಆಗುವುದಿಲ್ಲ. ಶಿರಾಡಿಯಲ್ಲಿ ಅಡ್ಡಹೊಳೆಯಿಂದ ದೋಣಿಗಾಲ್‌ವರೆಗೆ ಸುಮಾರು 26 ಕಿ.ಮೀ. ಲೋಡ್ ಹೊತ್ತು ಚಿಕ್ಕ ಗೇರಿನಲ್ಲಿ ಹತ್ತಬೇಕಲ್ಲ, ಆಗ ಗೊತ್ತಾಗುತ್ತದೆ. ಇಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರಿನಿಂದ ಗಾಳಿ ಮಾತ್ರ ಬರುವುದಿಲ್ಲ. ಫ್ಯಾನ್ ಬೆಲ್ಟ್ ಸಡಿಲ ಇದ್ದರಂತೂ ಮುಗಿಯಿತು.

ಯಾರಾದರೂ ಪುಣ್ಯಾತ್ಮ ಥರ್ಮೋಸ್ಟಾಟ್ ಕಿತ್ತು ಎಸೆದಿದ್ದಾನಾ ಅಂತಲೂ ನೋಡಿ. ಕಿತ್ತರೆ ಹೀಟ್ ಆಗಲ್ಲ ಅಂತ ಡ್ರೈವರ್‌ಗಳಲ್ಲಿ ಒಂದು ನಂಬಿಕೆ. ಚಿಕ್ಕಮಗಳೂರಿನ ಚಳಿಯಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗದೆ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಡೀಸೆಲ್ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಗೋಡೆಯ ಆಯಿಲ್ ತೊಳೆದುಹಾಕುತ್ತದೆ, ರಿಂಗು ಬೇಗ ಸವೆಯುತ್ತದೆ. ಪಂಪಿನ ಡೀಸೆಲ್ 'ಸ್ವಲ್ಪ ಎತ್ತಿ', ಅಂದರೆ ಇಂಜಿನ್‌ಗೆ ಜಾಸ್ತಿ ಡೀಸೆಲ್ ಹೋಗುವಂತೆ, ಇಡಿಸಿದ್ದೀರಾ? ಹಾಗಿದ್ದರೆ ಕಪ್ಪು ಹೊಗೆಯ ಜೊತೆ ಹೀಟೂ ನಿಮ್ಮದೇ ಕೊಡುಗೆ.

ಇನ್ನು ನೀಲಿ ಹೊಗೆ. ಆಯಿಲ್ ಉರಿಯುತ್ತಿದೆ ಅನ್ನುವುದಷ್ಟನ್ನೇ ಅದು ಹೇಳುತ್ತದೆ, ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ನಿಮ್ಮದು ಟರ್ಬೊ ಗಾಡಿ. ಟರ್ಬೊದಿಂದ ಇಂಜಿನ್‌ಗೆ ಹೋಗುವ ಪೈಪ್ ಬಿಚ್ಚಿ ಒಳಗೆ ಬೆರಳು ಹಾಕಿ. ತೆಳುವಾಗಿ ಪಸೆ ಇದ್ದರೆ ಸಹಜ. ಆಯಿಲ್ ಮಡುಗಟ್ಟಿದ್ದರೆ ಟರ್ಬೊ ಸೀಲ್ ಹೋಗಿದೆ. ಗಾಳಿ ಬರುವ ಕಡೆಯಿಂದ ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸಿ. ಹಿಂದೆ ಮುಂದೆ ಆಟ ಚೆನ್ನಾಗಿ ಕೈಗೆ ಸಿಕ್ಕಿದರೆ, ಫ್ಯಾನಿನ ರೆಕ್ಕೆ ಗೋಡೆಗೆ ತಾಗಿದ ಗುರುತು ಇದ್ದರೆ, ಟರ್ಬೊ ಕೆಲಸ ಮೊದಲು. ಸವೆದ ಟರ್ಬೊ ತನ್ನ ಆಯಿಲ್ ಡ್ರೈನ್ ಪೈಪಿನ ದಾರಿಯಲ್ಲಿ ಗ್ಯಾಸನ್ನು ಸಂಪಿಗೂ (ಇಂಜಿನ್ ಅಡಿಯ ಆಯಿಲ್ ತೊಟ್ಟಿಗೂ) ತಳ್ಳುತ್ತದೆ. ನೋಡುವವರಿಗೆ ಅದು ಬ್ಯಾಕ್ ಕಂಪ್ರೆಷನ್ ಥರವೇ ಕಾಣುತ್ತದೆ.

ಬ್ರೇಕಿನ ಏರ್ ಕಂಪ್ರೆಸರ್ ಇನ್ನೊಂದು ಕಳ್ಳ. ಏರ್ ಟ್ಯಾಂಕಿನ ಡ್ರೈನ್ ಬಿಚ್ಚಿ. ನೀರು ಬರುವುದು ಸರಿ. ಕಪ್ಪು ಆಯಿಲ್ ಪಿಚಕ್ ಅಂತ ಬಂದರೆ ಕಂಪ್ರೆಸರ್‌ನ ರಿಂಗು ಹೋಗಿದೆ. ಅದು ಇಂಜಿನ್ ಆಯಿಲನ್ನೇ ಕುಡಿಯುವುದು, ತನ್ನ ಗಾಳಿಯನ್ನು ಸಂಪಿಗೆ ಬಿಡುವುದು. ಟರ್ಬೊ, ಕಂಪ್ರೆಸರ್ ಎರಡೂ ನೋಡದೆ ಫುಲ್ ಇಂಜಿನ್ ಬಿಚ್ಚಿಸಿ, ಆಮೇಲೂ ಹೊಗೆ ನಿಲ್ಲದೆ ಮೆಕ್ಯಾನಿಕ್ ಜೊತೆ ಜಗಳ ಮಾಡಿಕೊಂಡ ಮಾಲೀಕರು ನನ್ನ ಶೆಡ್ಡಿಗೇ ಎಷ್ಟೋ ಜನ ಬಂದಿದ್ದಾರೆ.

ಈ ಮೂರನೆಯದನ್ನು ಮಾತ್ರ ನೀವೇ ಮಾಡಿ, ಹುಡುಗನ ಕೈಲಿ ಮಾಡಿಸಬೇಡಿ. ಏರ್ ಫಿಲ್ಟರ್ ಆದ ಮೇಲೆ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಇದೆಯಲ್ಲ, ಅದರ ಕ್ಲಿಪ್ ಬಿಚ್ಚಿ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಅದು ಫಿಲ್ಟರ್ ದಾಟಿದ ಜಾಗ, ಬಟ್ಟೆ ಬೆಳ್ಳಗೇ ಹೊರಗೆ ಬರಬೇಕು. ಎಸ್ಟೇಟ್ ರಸ್ತೆಯ ಕೆಂಪು ಧೂಳು ಬಟ್ಟೆಗೆ ಅಂಟಿದರೆ ನಿಮ್ಮ ಇಂಜಿನ್ ಯಾಕೆ ಸವೆಯಿತು ಅನ್ನುವುದಕ್ಕೆ ಉತ್ತರ ಸಿಕ್ಕಿತು. ಕ್ಲಿಪ್ ಕೂರುವ ಜಾಗದಲ್ಲಿ ಹೋಸ್ ಮಡಚಿ ನೋಡಿದರೆ ಕೂದಲೆಳೆಯಂಥ ಸೀಳು ಕಾಣುತ್ತದೆ. ನೆಟ್ಟಗಿದ್ದಾಗ ಮುಚ್ಚಿಕೊಂಡಿರುತ್ತದೆ, ಇಂಜಿನ್ ಎಳೆದಾಗ ಬಾಯಿ ಬಿಡುತ್ತದೆ. ಕೆಲವು ನೂರು ರೂಪಾಯಿಯ ಹೋಸು. ಅದನ್ನು ಹಾಗೇ ಬಿಟ್ಟು ಇಂಜಿನ್ ಹೊಸದು ಹಾಕಿದರೂ, ಬೇರೆ ಹಾಕಿದರೂ ಅದರ ಗತಿಯೂ ಇಷ್ಟೇ.

ಇಷ್ಟು ನೋಡಿದ ಮೇಲೆ ಗೇಜು ಹಾಕಿಸಿ. ಆಯಿಲ್ ತುಂಬುವ ಮುಚ್ಚಳವನ್ನು ತಿರುಪದೆ ತಲೆಕೆಳಗಾಗಿ ಅದರ ಬಾಯಿ ಮೇಲೆ ಇಟ್ಟು ಐಡಲ್‌ನಲ್ಲಿ ಬಿಡುವುದು ಹಳೆಯ ಪರೀಕ್ಷೆ. ಮುಚ್ಚಳ ಸ್ವಲ್ಪ ಕುಣಿದರೆ ಪರವಾಗಿಲ್ಲ, ಹಾರಿ ಬಿದ್ದರೆ ರಿಂಗು ಸುಸ್ತಾಗಿದೆ. ಆದರೆ ಲಕ್ಷದ ಮಾತಿಗೆ ಇದು ಸಾಲದು. ಆರೂ ಸಿಲಿಂಡರಿಗೆ ಕಂಪ್ರೆಷನ್ ಗೇಜು ಹಾಕಿಸಿ ಬರೆದಿಟ್ಟುಕೊಳ್ಳಿ. ಆರೋಗ್ಯವಾಗಿರುವ ಡೀಸೆಲ್ ಇಂಜಿನ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್ ಬರುತ್ತದೆ. 20ರ ಹತ್ತಿರ ಇಳಿದರೆ ಸವೆದಿದೆ. ಕೊನೆ ಮಾತು ಕಂಪನಿ ಪುಸ್ತಕದ ಅಂಕಿಯದು. ಐದರಲ್ಲಿ ಚೆನ್ನಾಗಿದ್ದು ಒಂದರಲ್ಲಿ ಮಾತ್ರ ಬಿದ್ದಿದ್ದರೆ ಕತೆಯೇ ಬೇರೆ. ಒಂದು ವಾಲ್ವೋ, ಒಂದು ಪಿಸ್ಟನ್ನೋ ಕೆಟ್ಟಿದೆ, ಇಡೀ ಇಂಜಿನ್ ಮುದಿಯಾಗಿಲ್ಲ. ಅಕ್ಕಪಕ್ಕದ ಎರಡರಲ್ಲಿ ಬಿದ್ದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಊದಿರುವ ಸಾಧ್ಯತೆ ಜಾಸ್ತಿ. ಆರರಲ್ಲೂ ಸಮನಾಗಿ ಇಳಿದಿದ್ದರೆ ಸವೆತ. ಜೊತೆಗೆ ಒಂದು ಟ್ರಿಪ್ ಹೊಡೆದು ಬಂದು ಇಂಜಿನ್ ಚೆನ್ನಾಗಿ ಬಿಸಿ ಇರುವಾಗ ಐಡಲ್‌ನಲ್ಲಿ ಆಯಿಲ್ ಪ್ರೆಷರ್ ನೋಡಿ. ಒಂದು ಬಾರ್‌ಗಿಂತ ಕೆಳಗೆ ಕೂತರೆ ಬೇರಿಂಗ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಕಡೆಯೂ ಕೆಲಸ ಇದೆ.

ಹಾಫ್ ಇಂಜಿನ್ ಅಂದವರ ಮಾತು ತಪ್ಪು ಅನ್ನುವುದಿಲ್ಲ. ಬೋರ್ ಅಳತೆ ಮಿತಿಯೊಳಗಿದ್ದರೆ ರಿಂಗ್ ಸೆಟ್ಟು, ಬೇರಿಂಗ್, ಹೆಡ್ ಕೆಲಸ ಇಷ್ಟು ಸಾಕು. ಅಳತೆ ತೆಗೆಯದೆ ಹೇಳಿದ್ದಾರಲ್ಲ, ಅದೇ ಗೋಳು. ಹೆಡ್ ಎತ್ತಿದಾಗ ಬೋರಿನ ಮೇಲಂಚಿನಿಂದ ಒಳಕ್ಕೆ ಉಗುರು ಎಳೆದು ನೋಡಿ. ಮೇಲಿನ ರಿಂಗು ನಿಲ್ಲುವ ಜಾಗದಲ್ಲಿ ಮೆಟ್ಟಿಲು ಸಿಕ್ಕಿ ಉಗುರು ತಡೆದರೆ, ಅಲ್ಲಿ ಹೊಸ ರಿಂಗು ಹಾಕಿ ಪ್ರಯೋಜನವಿಲ್ಲ. ಬೋರು ಮೇಲೆ ಅಗಲ, ಕೆಳಗೆ ಕಿರಿದು ಆಗಿರುತ್ತದೆ. ರಿಂಗು ಅದಕ್ಕೆ ಕೂರುವುದಿಲ್ಲ. ನಾಲ್ಕೈದು ತಿಂಗಳಲ್ಲಿ ಹೊಗೆ ವಾಪಸ್, ನಿಮ್ಮ 70 ಸಾವಿರ ಹೊಗೆಯ ಜೊತೆಗೇ ಹೋಯಿತು.

ಅದಕ್ಕೇ ನನ್ನ ಸಲಹೆ ಇಷ್ಟು. ಫುಲ್ ಇಂಜಿನ್‌ಗೂ ಒಪ್ಪಬೇಡಿ, ಬೆಂಗಳೂರಿಗೂ ಅಡ್ವಾನ್ಸ್ ಕಳಿಸಬೇಡಿ. ಬಿಚ್ಚಿ ಅಳತೆ ತೆಗೆಯುವುದಕ್ಕೆ ಮಾತ್ರ ಮೊದಲು ರೇಟು ಮಾತಾಡಿ. ಬ್ಲಾಕು, ಕ್ರ್ಯಾಂಕು, ಹೆಡ್ಡು ಮೂರನ್ನೂ ಒಳ್ಳೆಯ ಲೇತ್‌ಗೆ ಕಳಿಸಿ, ಬೋರ್ ಗೇಜು, ಮೈಕ್ರೋಮೀಟರು ಹಾಕಿಸಿ, ಬಿರುಕಿನ ಟೆಸ್ಟ್ ಮಾಡಿಸಿ, ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಇಂಜಿನ್ ಉಳಿಯುತ್ತಾ ಇಲ್ಲವಾ ಅನ್ನುವುದು ಆ ಚೀಟಿಯಲ್ಲಿರುತ್ತದೆ.

ಬೋರ್ ಸವೆದಿರುವುದು ದೊಡ್ಡ ಕಾಯಿಲೆ ಅಲ್ಲ. 697 ಅಂದರೆ 6 ಸಿಲಿಂಡರ್, 97 ಮಿ.ಮೀ. ಬೋರ್, ಒಟ್ಟು 5,675 ಸಿಸಿ. ಸ್ಲೀವ್, ಅಂದರೆ ಬೋರಿನೊಳಗೆ ಕೂರುವ ಲೈನರ್ ಕೊಳವೆ, ಹಾಕಿ ಮತ್ತೆ ಅದೇ 97ಕ್ಕೆ ತರಬಹುದು. ಕ್ರ್ಯಾಂಕಿಗೆ ಲೇತ್‌ನವರ ಭಾಷೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಅಂತ ಸೈಜು. ಒಂದೊಂದು ಹೆಜ್ಜೆಗೆ ಸುಮಾರು ಕಾಲು ಮಿ.ಮೀ. ಕಮ್ಮಿ. ನಿಮ್ಮದು ಇನ್ನೂ ಸ್ಟ್ಯಾಂಡರ್ಡ್‌ನಲ್ಲೋ ಹತ್ತರಲ್ಲೋ ಇದ್ದರೆ ಕಣ್ಣು ಮುಚ್ಚಿ ರಿಪೇರಿ ಮಾಡಿಸಿ. ನಲವತ್ತಕ್ಕೆ ಬಂದು ಮತ್ತೆ ಗೀರು ಬಿದ್ದಿದ್ದರೆ ಬೇರೆ ಕ್ರ್ಯಾಂಕ್ ಬೇಕು. ಆಗ ಲೆಕ್ಕ ಇನ್ನೊಮ್ಮೆ ಹಾಕಬೇಕು. ಬ್ಲಾಕಿನಲ್ಲಿ ನೀರಿನ ದಾರಿಗೆ ಬಿರುಕು, ಮೇನ್ ಬೇರಿಂಗ್ ಕೂರುವ ಲೈನು ಸೊಟ್ಟ, ಕನೆಕ್ಟಿಂಗ್ ರಾಡ್ ಮುರಿದು ಪಕ್ಕೆ ತೂತಾಗಿದೆ, ಇಂಥದ್ದೇನಾದರೂ ಇದ್ದರೆ ಮಾತ್ರ ನಾನು ಬೇರೆ ಇಂಜಿನ್ ಅನ್ನುತ್ತೇನೆ. ಓಡಿಸಿಕೊಂಡು ಬರುತ್ತಿರುವ ಗಾಡಿಯಲ್ಲಿ ಇಷ್ಟೆಲ್ಲ ಸಿಗುವುದು ಅಪರೂಪ.

ಈ ಇಂಜಿನ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡಲು ಶುರು ಮಾಡಿದರು. ಆ ನಂಟು 1969ರವರೆಗೆ ಇತ್ತು. ನಮ್ಮಲ್ಲಿ ಹಳಬರು ಈಗಲೂ 'ಬೆಂಜ್ ಗಾಡಿ' ಅನ್ನುವುದು ಅದಕ್ಕೇ. 697 ಅದೇ ವಂಶದ್ದು. ತಂತಿ, ಸೆನ್ಸರ್ ಏನೂ ಇಲ್ಲ. ಡೀಸೆಲ್ ಪಂಪು ಮೈಕೊ. ಕಂಪನಿ ಹೆಸರು ಬಾಷ್ ಅಂತ ಬದಲಾಗಿ ಎಷ್ಟೋ ವರ್ಷ ಆಯಿತು, ನಮ್ಮ ಬಾಯಲ್ಲಿ ಮಾತ್ರ ಮೈಕೊ ಹೋಗಿಲ್ಲ. ಪಿಸ್ಟನ್ನು, ರಿಂಗು, ಬೇರಿಂಗು ಹಾಸನದಲ್ಲೇ ಸಿಗುತ್ತದೆ. ಬಿಚ್ಚಿ ಜೋಡಿಸಲು ಗೊತ್ತಿರುವ ಕೈಗಳೂ ಇನ್ನೂ ಇವೆ.

ಓಡಿದ ಇಂಜಿನ್ ಯಾಕೆ ಬೇಡ ಅಂತೀನಿ ಅಂದರೆ, ಆ ಪೆಟ್ಟು ನಾನೇ ತಿಂದಿದ್ದೇನೆ. ಇಪ್ಪತ್ತು ವರ್ಷದ ಹಿಂದಿನ ಮಾತು. ಗಿರಾಕಿಯೊಬ್ಬರ ಲಾರಿಗೆ ಇಂಜಿನ್ ತರಲು ನಾನೇ ಬೆಂಗಳೂರಿಗೆ ಹೋಗಿದ್ದೆ. ಗುಜರಿಯ ಅಂಗಳದಲ್ಲಿ ಮರದ ದಿಮ್ಮಿ ಮೇಲೆ ಕೂರಿಸಿ ಸ್ಟಾರ್ಟ್ ಮಾಡಿ ತೋರಿಸಿದರು. ಗಡಿಯಾರದ ಥರ ಓಡಿತು. ಹೊಗೆ ಇಲ್ಲ, ಸದ್ದಿಲ್ಲ, ಪ್ರೆಷರ್ ಮುಳ್ಳು ಮೇಲೆ. ಸವೆತ ಮುಚ್ಚಿಡಲು ಸಂಪಿನಲ್ಲಿ ಎಷ್ಟು ದಪ್ಪದ ಆಯಿಲ್ ಹಾಕಿದ್ದಾರೆ ಅಂತ ಡಿಪ್‌ಸ್ಟಿಕ್ ಎತ್ತಿ ನೋಡುವ ಬುದ್ಧಿ ಬರಲಿಲ್ಲ. ಹನ್ನೊಂದನೇ ದಿನ ಬಾಳ್ಳುಪೇಟೆ ಹತ್ತಿರ ಕಟಕಟ ಶುರುವಾಯಿತು. ಶೆಡ್ಡಿಗೆ ಎಳೆದು ತಂದು ಸಂಪು ಇಳಿಸಿದೆ, ಕನೆಕ್ಟಿಂಗ್ ರಾಡಿನ ಒಂದು ಬಿಗ್ ಎಂಡ್ ಕ್ಯಾಪ್ ಬಿಚ್ಚಿದೆ. ಬೇರಿಂಗ್ ಚಿಪ್ಪನ್ನು ತಿರುಗಿಸಿ ಬೆನ್ನು ಒರೆಸಿದರೆ ಅಲ್ಲಿ ಅಚ್ಚು: 1.00. ಒಂದು ಮಿ.ಮೀ., ಲೇತ್‌ನವರ ನಲವತ್ತು. ಅಂದರೆ ಕ್ರ್ಯಾಂಕು ಆಗಲೇ ಕೊನೆಯ ಸೈಜಿಗೆ ಬಂದಿತ್ತು, ಮತ್ತೆ ಗ್ರೈಂಡ್ ಮಾಡಲು ಜಾಗವೇ ಇರಲಿಲ್ಲ. ಗಿರಾಕಿ ಒಂದು ಮಾತೂ ಬೈಯಲಿಲ್ಲ. ಅರ್ಧ ದುಡ್ಡು ನಾನೇ ಹಾಕಿಕೊಂಡೆ.

ನಿಮ್ಮ ಇಂಜಿನ್ ಎಷ್ಟು ಸಲ ಬಿಚ್ಚಿದೆ, ಎಲ್ಲಿ ಕಾದಿದೆ ಅಂತ ನಿಮಗೆ ಗೊತ್ತು. ಅವರದ್ದು ಯಾವ ಗಣಿಯಲ್ಲಿ ದುಡಿದು ಬಂತೋ, ಯಾವ ಹಳ್ಳದಲ್ಲಿ ಮುಳುಗಿತ್ತೋ. ಹಾಗೂ ತರಲೇಬೇಕಾಗಿ ಬಂದರೆ ಸಂಪು ಬಿಚ್ಚಿಸಿ ಬೇರಿಂಗ್ ಬೆನ್ನು ನೋಡದೆ ಒಂದು ರೂಪಾಯಿ ಕೊಡಬೇಡಿ. ಬಿಚ್ಚಲು ಒಪ್ಪದವನ ಹತ್ತಿರ ಕೊಳ್ಳಲೇಬೇಡಿ. ಬ್ಲಾಕಿನ ಮೇಲಿನ ನಂಬರು ಉಜ್ಜಿ ಮತ್ತೆ ಹೊಡೆದ ಹಾಗೆ ಕಂಡರೆ ಅಲ್ಲಿಂದ ಹೊರಡಿ. ಬಿಲ್ಲು, ಆ ಇಂಜಿನ್ ಇದ್ದ ಗಾಡಿಯ ಕಾಗದ ಎರಡೂ ಕೈಗೆ ಬರಬೇಕು.

ಕಾಗದದ ಮಾತು ಬಂತು, ಆರ್‌ಸಿಯದ್ದೂ ಹೇಳಿಬಿಡುತ್ತೇನೆ. ನಿಮ್ಮ ಬ್ಲಾಕನ್ನೇ ಉಳಿಸಿಕೊಂಡು ಒಳಗೆ ಏನೇ ಬದಲಾಯಿಸಿದರೂ ಇಂಜಿನ್ ನಂಬರ್ ಅದೇ, ಯಾರೂ ಕೇಳುವುದಿಲ್ಲ. ಬ್ಲಾಕು ಬದಲಾದರೆ ನಂಬರು ಬದಲಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವುದಕ್ಕೂ ಗಾಡಿಯಲ್ಲಿರುವುದಕ್ಕೂ ವ್ಯತ್ಯಾಸ ಇರುವಂತಿಲ್ಲ. ಇಂಜಿನ್ ಇಳಿಸುವ ಮೊದಲೇ ಆರ್‌ಟಿಓಗೆ ಹೋಗಿ ಅನುಮತಿ ಕೇಳಿ, ಆಮೇಲೆ ಹೊಸ ನಂಬರ್ ಆರ್‌ಸಿಗೆ ಹತ್ತಿಸಿಕೊಳ್ಳಿ. ಎಫ್‌ಸಿಯಲ್ಲಿ (ಗಾಡಿಯ ಫಿಟ್‌ನೆಸ್ ತಪಾಸಣೆಯಲ್ಲಿ) ಸಿಕ್ಕಿಬೀಳುವುದು ಚಿಕ್ಕ ವಿಷಯ. ಆಕ್ಸಿಡೆಂಟ್ ಆಗಿ ಇನ್ಶೂರೆನ್ಸ್‌ನವರು ನಂಬರ್ ತಾಳೆ ನೋಡಿದಾಗ ಗೊತ್ತಾಗುತ್ತದೆ ಅದರ ನೋವು.

ಕಮ್ಮಿನ್ಸ್ ಬೇಡ. ಇಂಜಿನ್ ಕೆಟ್ಟದ್ದು ಅಂತಲ್ಲ, ಒಳ್ಳೆಯ ಇಂಜಿನ್ನೇ. 5.9 ಲೀಟರ್, ಎಳೆತ ಚೆನ್ನಾಗಿದೆ. ಆದರೆ ನಿಮ್ಮ ಗಾಡಿಯಲ್ಲಿ ಅದನ್ನು ಕೂರಿಸಲು ಮೌಂಟಿಂಗ್, ಬೆಲ್ ಹೌಸಿಂಗ್, ಕ್ಲಚ್, ರೇಡಿಯೇಟರ್ ಪೈಪು, ಸೈಲೆನ್ಸರ್ ಎಲ್ಲಕ್ಕೂ ಕೈ ಹಾಕಬೇಕು, ಮೇಲೆ ಆರ್‌ಟಿಓ ತಕರಾರು. ಅದು ಲೈನರ್ ಇಲ್ಲದ ಬ್ಲಾಕು ಬೇರೆ. ಹಳೆಯದು ತಂದರೆ ಅದರ ಬೋರಿನ ಕೆಲಸವೂ ನಿಮ್ಮ ತಲೆಗೇ.

ಈಗ ದುಡ್ಡು. ಓಡಿದ ಇಂಜಿನ್ 1.4 ಲಕ್ಷ ಅಂದಿದ್ದಾರೆ. ಸಾಗಾಣಿಕೆ, ಇಳಿಸಿ ಕೂರಿಸುವ ಕೂಲಿ, ಕ್ಲಚ್ ಪ್ಲೇಟು, ಪಂಪು-ನಾಝಲ್ ಸರ್ವಿಸು, ಆಯಿಲು, ಆರ್‌ಸಿ ಓಡಾಟ ಎಲ್ಲ ಸೇರಿ ನನ್ನ ಅಂದಾಜಿಗೆ ಇನ್ನೊಂದು 35 ಸಾವಿರ. 1.75 ಆಯಿತು. ಫುಲ್ ಇಂಜಿನ್ 1.9. ಪಂಪಿನ ಕೆಲಸ ಆ 1.9ರಲ್ಲಿ ಸೇರಿದೆಯಾ ಅಂತ ಮಾತ್ರ ಬಾಯಿಬಿಟ್ಟು ಕೇಳಿ, ಎಷ್ಟೋ ಸಲ ಸೇರಿರುವುದಿಲ್ಲ. ಸೇರಿದ್ದರೆ ವ್ಯತ್ಯಾಸ 15 ಸಾವಿರ ಅಷ್ಟೇ. ಆದರೆ ಒಂದಕ್ಕೆ ವಾರ, ಇನ್ನೊಂದಕ್ಕೆ 25 ದಿನ. ಹದಿನೆಂಟು ದಿನ ಜಾಸ್ತಿ ನಿಂತರೆ, ದಿನಕ್ಕೆ 2,500ರಂತೆ 45 ಸಾವಿರ. ನೀವು ಬರೆದಿರುವುದು ಜನವರಿಯಲ್ಲಿ. ಅರೇಬಿಕಾ ಮುಗಿಯುತ್ತಿದೆ, ರೋಬಸ್ಟಾ ಮಾರ್ಚ್‌ವರೆಗೆ ಇದೆ. ಈಗಲೇ ಬಿಚ್ಚಿದರೆ ಆ 45 ಸಾವಿರ ನಿಜವಾಗಿಯೂ ಹೋಗುತ್ತದೆ. ಜೂನ್‌ನಲ್ಲಿ ಬಿಚ್ಚಿದರೆ? ಮೂಡಿಗೆರೆಯ ಮಳೆಯಲ್ಲಿ ಗಾಡಿ ಹೇಗೂ ಅರ್ಧ ದಿನ ಟಾರ್ಪಾಲಿನ ಕೆಳಗೇ ನಿಂತಿರುತ್ತದೆ. ಮೆಕ್ಯಾನಿಕ್‌ಗೂ ಲೇತ್‌ನವರಿಗೂ ಆಗ ಪುರುಸೊತ್ತು ಇರುತ್ತದೆ, ಅವಸರದ ಕೆಲಸ ಆಗುವುದಿಲ್ಲ. ಆಗಸ್ಟ್‌ನಲ್ಲಿ ಹಾಸನದ ಕಡೆ ಆಲೂಗೆಡ್ಡೆ ಕೀಳಲು ಶುರುವಾಗುವ ಹೊತ್ತಿಗೆ ಗಾಡಿ ರೆಡಿ.

ಅಲ್ಲಿಯವರೆಗೆ ಇಂಜಿನ್ ತಡೆಯುತ್ತಾ? ಆಯಿಲ್ ಪ್ರೆಷರ್ ಸರಿ ಇದ್ದು, ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲದೆ, ಹೋಸು-ಬೆಲ್ಟು ಬದಲಾಯಿಸಿ, ಜಾಲರಿ ತೊಳೆಸಿದರೆ ತಡೆಯುತ್ತದೆ. ಟರ್ಬೊವೋ ಕಂಪ್ರೆಸರೋ ಕೆಟ್ಟಿದ್ದರೆ ಅದನ್ನು ಮಾತ್ರ ಈಗಲೇ ಮಾಡಿಸಿ. ಗುಳ್ಳೆ ಇದ್ದರೆ ಕಾಯಬೇಡಿ, ಹೆಡ್ ಇವತ್ತೇ ಎತ್ತಿಸಿ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ನಾನೇ ಕೇಳುತ್ತೇನೆ. ಈ ಗಾಡಿಗೆ 1.9 ಲಕ್ಷ ಹಾಕಬೇಕಾ? ಮಾರಿದರೆ 4.5 ಬರುವ ಗಾಡಿಗೆ ಇಂಜಿನ್ ಮಾಡಿಸಿದ ಮಾತ್ರಕ್ಕೆ 6.4 ಬರುವುದಿಲ್ಲ. ಇನ್ನು ಮೂರು ನಾಲ್ಕು ವರ್ಷ ನೀವೇ ಓಡಿಸುವುದಾದರೆ ಮಾತ್ರ ಅದು ವಾಪಸ್ ಬರುತ್ತದೆ. ಚಾಸಿ ತುಕ್ಕು ಹಿಡಿದಿದೆಯಾ, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ ಹೇಗಿದೆ, ಟೈರ್ ಯಾವಾಗ ಬರುತ್ತೆ ನೋಡಿ. ಎಂಟು ವರ್ಷ ದಾಟಿದ ಗಾಡಿಗೆ ವರ್ಷ ವರ್ಷ ಎಫ್‌ಸಿ. ಹದಿನೈದು ದಾಟಿದ್ದಕ್ಕೆ 2022ರ ಏಪ್ರಿಲ್‌ನಿಂದ ಫೀಸೂ ಜಾಸ್ತಿ. ಈ ಸಲ ಎಷ್ಟು ಕಟ್ಟಬೇಕು ಅಂತ ಆರ್‌ಟಿಓದಲ್ಲಿ ಕೇಳಿ ಅದನ್ನೂ ಲೆಕ್ಕಕ್ಕೆ ಸೇರಿಸಿ. ಚಾಸಿಯೂ ಹೋಗಿದ್ದರೆ ರೋಬಸ್ಟಾ ಮುಗಿಸಿ ಗಾಡಿಯನ್ನೇ ಮಾರಿಬಿಡಿ, ಇಂಜಿನ್ ಹೇಗಿದೆಯೋ ಹಾಗೇ. ಹೊಗೆಯ ವಿಷಯ ಮಾತ್ರ ಕೊಳ್ಳುವವನಿಗೆ ಮುಚ್ಚಿಡಬೇಡಿ.

ಮಾಡಿಸಿದರೆ, ತೆಗೆದ ಹಳೆ ಸಾಮಾನೆಲ್ಲ ಒಂದು ಚೀಲದಲ್ಲಿ ಹಾಕಿ ಕೊಡಿ ಅಂತ ಮೊದಲೇ ಹೇಳಿ. ಹೊಸ ಬೇರಿಂಗ್ ಕೂರಿಸುವ ದಿನ ಹೋಗಿ ಬೆನ್ನಿನ ಅಚ್ಚನ್ನು ಲೇತ್ ಚೀಟಿಯ ಜೊತೆ ತಾಳೆ ನೋಡಿ. ಮೊದಲ 1,500 ಕಿ.ಮೀ. ಅರ್ಧ ಲೋಡು, ಸಾವಿರದ ಒಳಗೆ ಒಂದು ಆಯಿಲ್ ಚೇಂಜ್. ಹೊಸ ಇಂಜಿನ್ ಅಂತ ಮುದ್ದು ಮಾಡಿ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ, ರಿಂಗು ಕೂರುವುದಿಲ್ಲ, ಬೋರ್ ಗಾಜಿನ ಥರ ನುಣುಪಾಗುತ್ತದೆ. ಹಾಸನ–ಬೇಲೂರು ಥರದ ರಸ್ತೆಯಲ್ಲಿ ಸ್ವಲ್ಪ ಏರು, ಸ್ವಲ್ಪ ಇಳಿಜಾರು ಸಿಗುವಂತೆ ಓಡಿಸಿ. ಶಿರಾಡಿಯ ಲೋಡು ಬಂದರೆ ಆ ತಿಂಗಳು ಪಕ್ಕದವರಿಗೆ ಬಿಟ್ಟುಕೊಡಿ.